ಉಪ್ಪುಕಾಗದ

ಕೌಲ್ ಬಜಾರಿನ ಒಂದು ಮಹಡಿಯ ಮೇಲೆ
ದಿನಕ್ಕೆ ನೂರಿಪ್ಪತ್ತು ಪ್ಯಾಂಟು
ನನ್ನ ಕೈಯಡಿ ಹಳೆಯವಾಗುತ್ತವೆ.
ಗಾಳಿ ತುಂಬಿದ ರಬ್ಬರಿನ ಕಾಲಿಗೆ ಏರಿಸಿ
ತೊಡೆಯ ಮೇಲೆ ನಾಲ್ಕು ಗೀರು, ಮೊಣಕಾಲಿಗೆ ಹತ್ತು ಉಜ್ಜು,
ಜೇಬಿನ ಅಂಚಿಗೆ ಉಗುರಿನಷ್ಟು ಸವೆತ.
ಯಾರೂ ತೊಡದ, ಯಾರೂ ಕೂತು ಏಳದ ಬಟ್ಟೆಗೆ
ಹತ್ತು ವರ್ಷದ ಬಾಳು ಬರೆದು
ಆರೂವರೆ ರೂಪಾಯಿ ಎಣಿಸಿಕೊಳ್ಳುತ್ತೇನೆ.

ಸಂಜೆ ಮೂಗು ಸೀನಿದರೆ ನೀಲಿ.
ಅಂಗೈಯ ಗೆರೆಗಳಲ್ಲಿ ನೀಲಿ.
ತಮ್ಮ ಗಾದಿಲಿಂಗನ ಕೆಮ್ಮಿನಲ್ಲೂ ನೀಲಿ ಇತ್ತು,
ಕೊನೆಕೊನೆಗೆ ಬೇರೆ ಬಣ್ಣ.

ಅವನು ಹೋದ ಎರಡನೇ ಬೇಸಿಗೆ
ಮಿರ್ಚಿ ಅಂಗಡಿಯ ಹಿಂದೆ ಕೂತು
ಲೆಕ್ಕದ ಚೀಟಿಗಳ ಬೆನ್ನಿಗೆ ಒಂದು ಪದ್ಯ ಬರೆದೆ.
ಅದರಲ್ಲಿ ಕೆಮ್ಮು ಒಂದು ಹಕ್ಕಿ,
ಎದೆಗೂಡಿನ ಸರಳಿಗೆ ರೆಕ್ಕೆ ಬಡಿದು ಬಡಿದು
ಒಂದು ನಸುಕಿಗೆ ಹಾರಿಹೋಗುತ್ತದೆ.
ಅಣ್ಣನೊಬ್ಬ ರಾತ್ರಿಯಿಡೀ ತಲೆಯ ಬಳಿ ಕೂತಿರುತ್ತಾನೆ,
ಅವನ ಕಣ್ಣಲ್ಲಿ ಬಳ್ಳಾರಿ ಗುಡ್ಡದ ಬಂಡೆ ಕರಗುತ್ತದೆ.
ಜಿಲ್ಲೆಯ ಮಾಸಪತ್ರಿಕೆ ಅಚ್ಚು ಹಾಕಿತು.
ಎರ್ರಿಸ್ವಾಮಿ ಮೇಷ್ಟ್ರು ಬೆನ್ನು ತಟ್ಟಿದರು.
ಮಾಲೀಕ ಕೂಡ ಟೀ ತರಿಸಿದ, ಖಾರ ಬಿಸ್ಕೀಟಿನ ಜೊತೆ.

ಅವ್ವನಿಗೆ ಓದು ಬರದು.
ನಾನೇ ಓದಿ ಹೇಳಿದೆ,
ದನಿ ನಡುಗುವ ಕಡೆ ಸರಿಯಾಗಿ ನಡುಗಿಸಿ.
ಅವಳು ಬತ್ತಿ ಹೊಸೆಯುತ್ತಿದ್ದಳು, ಬ್ರೂಸ್‌ಪೇಟೆಯ ಅಂಗಡಿಗೆ,
ನೂರಕ್ಕೆ ಇಷ್ಟು ಅಂತ.
ಹತ್ತಿ ಹಾರೀತೆಂದು ಫ್ಯಾನು ಆರಿಸಿತ್ತು;
ಗೋಡೆ ಮುಟ್ಟಿದರೆ ಕಾದ ಹೆಂಚು.
ತೊಡೆಯ ಮೇಲೆ ಅಂಗೈ ಸರಿಯಿತು. ಒಂದು ಬತ್ತಿ. ಇನ್ನೊಂದು ಬತ್ತಿ.
“ಚಂದ ಐತಿ,” ಅಂದಳು.
ಆಮೇಲೆ, ಬೂದಿಯಲ್ಲಿ ಬೆರಳದ್ದಿ,
“ಅವನ ಕೆಮ್ಮು ಇಷ್ಟು ಚಂದ ಇದ್ದಿಲ್ಲ.”

“ಆ ದಿನಗಳಾಗ ಬುಟ್ಟ್ಯಾಗಿನ ಹತ್ತಿ
ದಿನಾ ಎರಡುಂಡಿ ಕಡಿಮಿ ಬೀಳ್ತಿತ್ತು.
ನಾನು ಎಣಿಸಿ ಇಡಾಕಿ.
ಬೆಳಿಗ್ಗೆ ನಿನ್ನ ಹಾಸಿಗಿ ಮಡಚುವಾಗ ಸಿಗ್ತಿದ್ವು.
ಅದನ್ನ ಎಲ್ಲಿ ಬರದೀಯಪಾ? ಓದಲೇ ಇಲ್ಲ.”

ಎರಡು ವರ್ಷ ಆ ಉಂಡೆಗಳನ್ನು
ಅವಳು ಯಾರ ಮುಂದೂ ಬಿಚ್ಚಿರಲಿಲ್ಲ.

ಹೌದು.
ಆರಕ್ಕೆ ಪಾಳಿ ಇತ್ತು. ನಿದ್ದೆ ಬೇಕಿತ್ತು,
ತಮ್ಮನಿಗಿಂತ ಹೆಚ್ಚಾಗಿ ಬೇಕಿತ್ತು.
ದೇವರ ಬತ್ತಿಯ ಹತ್ತಿಯನ್ನು ಕಿವಿಗೆ ತುರುಕಿ
ಗೋಡೆಗೆ ಮುಖ ಮಾಡಿ ಮಲಗಿದೆ,
ಒಂದು ರಾತ್ರಿ ಅಲ್ಲ, ಹನ್ನೊಂದು.

ಮರುದಿನ ಉಪ್ಪುಕಾಗದ ಹಿಡಿದು ನಿಂತಾಗ
ಕೈ ತಾನಾಗಿ ಜಾಗ ಹುಡುಕಿತು:
ಇಲ್ಲಿ ಉಜ್ಜಿದರೆ ದುಡಿದವನ ಮೊಣಕಾಲು,
ಇಲ್ಲಿ ಗೀರಿದರೆ ಅಲೆದವನ ತೊಡೆ.
ಆ ಕೂತ ಅಣ್ಣನನ್ನೂ ಹೀಗೇ ಉಜ್ಜಿದ್ದೆ.
ಮೇಸ್ತ್ರಿ ಶೇಕ್ಷಾವಲಿ ಕೂಗಿದ,
“ಜಾಸ್ತಿ ತಿಕ್ಕಬ್ಯಾಡಲೇ, ತೂತು ಬೀಳ್ತದ!”

ಬೀಳಲಿ ಅಂತ ರಾತ್ರಿ ಮತ್ತೆ ಕೂತೆ.
ಹಕ್ಕಿ ತೆಗೆದೆ. ಬಂಡೆ ತೆಗೆದೆ.
ಹತ್ತಿ ಎಂದು ಬರೆದೆ. ಹನ್ನೊಂದು ಎಂದು ಬರೆದೆ.
ಓದಿದಾಗ ಅವ್ವನ ಕೈ ನಿಂತಿತು.
“ಅವಗ ಗೊತ್ತಿತ್ತೇನು?”

ಇಲ್ಲಿಂದ ಮುಂದಿನ ಸಾಲುಗಳನ್ನು ಅವಳಿಗೆ ಓದಿಲ್ಲ.

ಕೊನೆಯ ವಾರ ಕೆಮ್ಮು ಸಣ್ಣದಾಗಿತ್ತು.
ಹತ್ತಿಯ ಗುಣ ಅಂದುಕೊಂಡಿದ್ದೆ, ಇಲ್ಲಾ ಔಷಧದ್ದು.
ಮಣ್ಣು ಕೊಟ್ಟು ಬಂದ ದಿನ
ಅವನ ದಿಂಬಿನ ಗಲೀಬಿನೊಳಗೆ ಸಿಕ್ಕಿತು
ಜೀನ್ಸಿನ ಒಂದು ತುಂಡು, ನಾಲ್ಕು ಮಡಿಕೆ ಮಾಡಿದ್ದು.
ನಡುವೆ ಹಲ್ಲು ಊರಿದ ಗುರುತು,
ಅಲ್ಲಿ ಬಣ್ಣ ಹೋಗಿ ಬಿಳಿ.
ಅಂಥ ಬಿಳಿ ತೆಗೆಯಲು ನನ್ನ ಕೈಗೆ ಬಾರದು.

ಟ್ರಂಕಿನ ತಳದಲ್ಲಿದೆ ಅದು,
ಅವನ ರೇಷನ್ ಕಾರ್ಡಿನ ಜೆರಾಕ್ಸಿನ ಕೆಳಗೆ.

“ಗೊತ್ತಿಲ್ಲವ್ವ,” ಅಂದೆ.
ಅವಳು ಮತ್ತೆ ಬೂದಿಗೆ ಬೆರಳದ್ದಿದಳು.